ಮೊದಲು ಒಂದು ಚುಕ್ಕಿ

ನಿವೃತ್ತಿ ಎಂದರೆ ನಮ್ಮ ಕಸುಬಿನಲ್ಲಿ ಹಾರ ಹಾಕಿ, ಶಾಲು ಹೊದೆಸಿ, ಗೋಡೆ ಗಡಿಯಾರ ಕೈಗಿಟ್ಟು ಕಳಿಸುವ ಸಂಗತಿಯಲ್ಲ. ಒಂದು ದಿನ ನನ್ನ ಮಂಡಿ ಹೇಳಿತು: ಯಮುನಾ, ಇನ್ನು ಮದುಮಗಳ ಕಾಲಬುಡದಲ್ಲಿ ಕೂತು ಏಳುವುದು ನನ್ನಿಂದಾಗದು. ನಾನು ಕೇಳಿದೆ, ಅಷ್ಟೇ. ಶಿರಸಿಯ ಒಂದು ಪಾರ್ಲರಿನಲ್ಲಿ ಕಸ ಗುಡಿಸುವುದರಿಂದ ಶುರುಮಾಡಿ, ಆಮೇಲೆ ನನ್ನದೇ ಪೆಟ್ಟಿಗೆ ಹೊತ್ತು ಸಿದ್ದಾಪುರ, ಯಲ್ಲಾಪುರದ ಮದುವೆ ಮನೆಗಳಿಗೆ ಬಸ್ಸಿನಲ್ಲಿ ತಿರುಗಿದವಳು ನಾನು. ಹುಬ್ಬು ತೀಡಿದ್ದೇನೆ, ಜಡೆ ಹೆಣೆದಿದ್ದೇನೆ, ನಿಲ್ಲದ ಸೀರೆಗಳನ್ನು ಪಿನ್ನಿನ ಮೇಲೆ ನಿಲ್ಲಿಸಿದ್ದೇನೆ. ಜನ ಮಾತ್ರ ನನ್ನನ್ನು ಮದರಂಗಿ ಯಮುನಕ್ಕ ಎಂದೇ ಕರೆದರು. ಈಚೆಗೆ ಕಾಲ ಬದಲಾದ ಮೇಲೆ ಅದೇ ಬಾಯಿಗಳು ಟ್ಯಾಟೂ ಯಮುನಕ್ಕ ಅನ್ನತೊಡಗಿದವು. ಕೈ ಅದೇ, ಕೋನ್ ಅದೇ, ನನ್ನ ಮಂಡಿನೋವೂ ಅದೇ.

ಈಗ ಪೇಟೆಯಲ್ಲಿ ಎಲ್ಲಿ ನೋಡಿದರೂ ಹೊಸ ಸ್ಟುಡಿಯೋ. ನಡೆಸುವ ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಎರಡು ಟಿಪ್ಸ್ ಹೇಳಿ" ಅನ್ನುತ್ತಾರೆ. ಟಿಪ್ಸ್ ಎಂದರೆ ಯಾವ ಡಿಸೈನಿಗೆ ಲೈಕ್ ಜಾಸ್ತಿ ಬರುತ್ತದೆ ಎಂಬುದು. ನಾನು ಚರ್ಮದ ಮಾತು ಎತ್ತಿದೆನೋ, "ಅಕ್ಕಾ, ಇಲ್ಲಿ ರೇಂಜ್ ಇಲ್ಲ" ಎಂದು ಇಟ್ಟುಬಿಡುತ್ತಾರೆ. ಶಿರಸಿ ಬಸ್‌ಸ್ಟ್ಯಾಂಡಿನ ಎದುರು ಕೂತವರಿಗೂ ಆ ಹೊತ್ತಿಗೆ ಸರಿಯಾಗಿ ರೇಂಜ್ ಹೋಗುತ್ತದೆ, ಪಾಪ. ಅದಕ್ಕೇ ಬರೆಯಲು ಕೂತಿದ್ದೇನೆ. ಬರೆದದ್ದನ್ನು ಓದಲಿಕ್ಕೆ ರೇಂಜ್ ಬೇಡ.

ನನ್ನ ಮೊದಲ ಮಾಲಕರು ರತ್ನಕ್ಕ. ಅವರಿಗೆ ಗೊತ್ತಿದ್ದ ಶಾಸ್ತ್ರ ಒಂದೇ: ಗಿರಾಕಿ ಕೇಳಿದ್ದು ಕೊಡು. ಗಿರಾಕಿಗಳು ಕೇಳುತ್ತಿದ್ದದ್ದೂ ಒಂದೇ: ಕಪ್ಪು. ಮದರಂಗಿ ಕಪ್ಪಾದಷ್ಟೂ ಅತ್ತೆಯ ಪ್ರೀತಿ ಹೆಚ್ಚು ಎಂಬ ಮಾತಿದೆಯಲ್ಲ, ಅದನ್ನು ಹೇಳಿದವರು ಯಾರೋ ಅತ್ತೆಯೇ ಇರಬೇಕು. ಸೊಪ್ಪಿನ ಮದರಂಗಿ ಕಪ್ಪಾಗುವುದಿಲ್ಲ. ಕಿತ್ತಳೆಯಾಗಿ ಶುರುವಾಗಿ, ಮರುದಿನಕ್ಕೆ ಕೆಂಪಾಗಿ, ಕೊನೆಗೆ ಕಾಫಿ ಬಣ್ಣಕ್ಕೆ ನಿಲ್ಲುತ್ತದೆ. ಅಷ್ಟು ಪ್ರೀತಿ ಸಾಲದು ಎಂದು ರತ್ನಕ್ಕ ತಲೆಗೆ ಹಚ್ಚುವ ಕರಿ ಡೈ ಪುಡಿಯನ್ನು ಅದಕ್ಕೆ ಕಲಸುತ್ತಿದ್ದರು. ಅರ್ಧ ತಾಸಿನಲ್ಲಿ ಕೈ ಕಾಡಿಗೆಯಷ್ಟು ಕಪ್ಪು. ಗಿರಾಕಿಗೆ ಖುಷಿ, ರತ್ನಕ್ಕನಿಗೆ ಖುಷಿ. ಒಬ್ಬರಿಬ್ಬರ ಚರ್ಮಕ್ಕೆ ಮಾತ್ರ ಖುಷಿಯಾಗುತ್ತಿರಲಿಲ್ಲ. ಮೂರನೇ ದಿನ ಅವರು ಕೈ ಎತ್ತಿಕೊಂಡು ಬರುತ್ತಿದ್ದರು. ಬಳ್ಳಿ ಬರೆದ ಜಾಗದಲ್ಲಿ ಬಳ್ಳಿಯ ಆಕಾರದಲ್ಲೇ ನೀರುಗುಳ್ಳೆ, ಹೂ ಬರೆದಲ್ಲಿ ಹೂವಿನಂಥದೇ ಗುಳ್ಳೆ.

ರತ್ನಕ್ಕ ಹೆದರುವ ಪೈಕಿ ಅಲ್ಲ. ಕೈ ನೋಡಿ, ತಲೆ ಆಡಿಸಿ, ಕೇಳುತ್ತಿದ್ದರು:

"ಬದನೆಕಾಯಿ ತಿಂದಿದ್ಯಾ?"

"ಮೊನ್ನೆ ಹುಳಿ ಮಾಡಿದ್ರು ಮಾರಾಯ್ತಿ."

"ಹಂಗೆ ಹೇಳು ಮತ್ತೆ! ನಂಜು ಅದು."

ಆ ಪಾರ್ಲರಿನಲ್ಲಿ ನಾನಿದ್ದಷ್ಟು ಕಾಲ ಎಲ್ಲ ಪಾಪವನ್ನೂ ಬದನೆಕಾಯಿಯೇ ಹೊತ್ತಿತು. ಕೊನೆಗೆ ಗುಳ್ಳೆಯೆದ್ದ ಒಬ್ಬಳ ಜೊತೆ ನಾನೇ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಬದನೆಕಾಯಿಯ ವಿಚಾರ ಕೇಳಲೇ ಇಲ್ಲ. ಕೂದಲ ಡೈ ಚರ್ಮಕ್ಕೆ ಹಚ್ಚಲಿಕ್ಕಿರುವುದಲ್ಲ ಎಂದರು. ಒಮ್ಮೆ ಅದು ಮೈಗೆ ಆಗದೆ ಹೋದರೆ ಜನ್ಮವಿಡೀ ಆಗದು, ಎರಡನೇ ಸಲ ಮೊದಲಿಗಿಂತ ಜೋರಾಗಿ ಬರಬಹುದು ಎಂದರು. ಯಾವುದನ್ನೇ ಹಚ್ಚುವ ಮೊದಲು ಮೊಣಕೈ ಒಳಮಡಿಕೆಯಲ್ಲಿ ಒಂದು ಚುಕ್ಕಿ ಇಟ್ಟು ಒಂದು ದಿನ, ಸಾಧ್ಯವಾದರೆ ಎರಡು ದಿನ ಕಾಯಿರಿ ಎಂದೂ ಹೇಳಿಕೊಟ್ಟರು. ಓಡಿಬಂದು ರತ್ನಕ್ಕನಿಗೆ ವರದಿ ಒಪ್ಪಿಸಿದೆ.

"ಚುಕ್ಕಿ ಇಟ್ಟು ನಾಳೆ ಬಾ ಅಂದ್ರೆ, ಗಿರಾಕಿ ನಾಳೆ ಎದುರಿನ ಪಾರ್ಲರಿಗೆ ಹೋಗ್ತದೆ. ನೀ ಚುಕ್ಕಿ ಇಡ್ತಾ ಕೂತ್ಕ" ಎಂದರು.

ಕೂತುಕೊಂಡೆ, ನನ್ನ ಮನೆಯ ಜಗಲಿಯಲ್ಲಿ. ಹಾಗೆ ಶುರುವಾಯಿತು ನನ್ನ ಸ್ವಂತ ಉದ್ಯೋಗ.

ಆಮೇಲೆ ಸ್ಟಿಕರ್ ಟ್ಯಾಟೂ ಬಂತು. ಒದ್ದೆ ಬಟ್ಟೆ ಒತ್ತಿದರೆ ಹುಲಿ, ತೆಗೆದರೆ ಕಾಗದ. ಸಿದ್ದಾಪುರದ ಕಡೆಯ ಒಂದು ಶಾಲೆಯವರು ವಾರ್ಷಿಕೋತ್ಸವದ ಕುಣಿತಕ್ಕೆ ಮಕ್ಕಳ ಮೈಮೇಲೆ ಟ್ಯಾಟೂ ಮಾಡಲು ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಕುಣಿತದ ಜವಾಬ್ದಾರಿ ಹೊತ್ತ ಮಾಸ್ತರು ಅರ್ಧ ಕೆಲಸ ಮುಗಿಸಿಬಿಟ್ಟಿದ್ದರು. ಬಬಲ್‌ಗಮ್ ಜೊತೆ ಪುಕ್ಕಟೆ ಬರುವ ಸ್ಟಿಕರ್ರು. ಯಾರು ಮಾಡಿದ್ದು, ಏನು ಹಾಕಿದ್ದು, ಒಂದಕ್ಷರ ಇಲ್ಲ. ಒಬ್ಬ ಪುಟ್ಟನ ರೆಪ್ಪೆಯ ಮೇಲೇ ಚೇಳು ಕೂತಿತ್ತು.

"ಮಾಸ್ತರೆ, ಕಣ್ಣಿನ ಹತ್ರ ಹಚ್ಚಬಾರ್ದು."

"ಒಂದು ಪದ್ಯ ಮುಗಿಯೂವರೆಗೆ ಎಂತ ಆಗ್ತದೆ ಯಮುನಕ್ಕ?"

ಪದ್ಯ ಮುಗಿಯಿತು, ಚೇಳು ಮುಗಿಯಲಿಲ್ಲ. ಮಾಸ್ತರು ಉಗುರು ಹಾಕಿ ಕೆರೆದರು, ಹುಡುಗ ಊರು ಕೇಳುವ ಹಾಗೆ ಅತ್ತ. ನಾನು ತೆಂಗಿನೆಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹತ್ತಿಯಿಂದ ಒರೆಸಿದೆ, ಬಂತು. ಸ್ಟಿಕರ್ ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಮಾಡಿದವನಿಗೆ ತನ್ನ ಹೆಸರು ಹಾಕಲು ಧೈರ್ಯವಿಲ್ಲದ ಸರಕನ್ನು ನೀವು ಮೈಮೇಲೆ ಹಾಕಿಕೊಳ್ಳುವ ಧೈರ್ಯ ಮಾಡಬೇಡಿ. ಗಾಯ, ತುರಿಕೆ ಇದ್ದಲ್ಲಿ ಬೇಡ. ಅವತ್ತೇ ವ್ಯಾಕ್ಸ್ ಮಾಡಿದ ಕೈಗೂ ಬೇಡ. ಇಷ್ಟು ಹೇಳಿದರೆ, "ಅಕ್ಕಾ, ಎಲ್ಲಾ ಬೇಡ ಅಂದ್ರೆ ಬೇಕು ಯಾವ್ದು?" ಅನ್ನುತ್ತಾರೆ. ಸ್ವಲ್ಪ ಪುರುಸೊತ್ತು ಬೇಕು ಮಾರಾಯ್ತಿ, ಅದೊಂದು ಅಂಗಡಿಯಲ್ಲಿ ಸಿಗೂದಿಲ್ಲ.

ಚುಕ್ಕಿಯ ಪರೀಕ್ಷೆಗೆ ನಮ್ಮ ಕಡೆಯವರು ಒಪ್ಪುವುದಿಲ್ಲ ಎಂದು ಯಾರೂ ತಿಳಿಯಬಾರದು. ಸಂತೋಷದಿಂದ ಒಪ್ಪುತ್ತಾರೆ, ಬೇರೆಯವರ ಕೈಯ ಮೇಲಾದರೆ. ಮದುವೆ ನಿಕ್ಕಿಯಾದ ಒಬ್ಬ ಗಂಡು ಭುಜಕ್ಕೆ ಟ್ಯಾಟೂ ಬೇಕೆಂದು ಬಂದ. ಚುಕ್ಕಿಗೆ ಕೈ ಕೊಡು ಅಂದರೆ ತಮ್ಮನನ್ನು ಮುಂದೆ ನೂಕಿದ. "ಇವಂಗೆ ಇಡಿ ಅಕ್ಕಾ. ನಂಗೆ ಆಫೀಸುಂಟು, ಇವ ಹ್ಯಾಂಗೂ ಮನೇಲೇ ಇರ್ತ." ಸೊಸೆಗೆ ಹಚ್ಚುವುದನ್ನು ಕೆಲಸಕ್ಕೆ ಬರುವ ಹೆಂಗಸಿನ ಕೈಮೇಲೆ ನೋಡಿ ಎಂದವರಿದ್ದಾರೆ. ಚರ್ಮ ಎಂದರೆ ಸೀರೆಯ ಅಂಚು, ಒಂದು ಕಡೆ ಒಗೆದು ನೋಡಿದರೆ ಥಾನಿಗೆ ಥಾನೇ ಗೊತ್ತಾಗುತ್ತದೆ ಎಂದು ಇವರ ಲೆಕ್ಕ. ಇಂಥ ಬದಲಿ ಪರೀಕ್ಷೆಗಳ ಪೈಕಿ ಹೆಗಡೆಕಟ್ಟಾದ ಮದುವೆಯದ್ದೇ ದೊಡ್ಡದು. ಅದನ್ನು ಪೂರ್ತಿ ಹೇಳುತ್ತೇನೆ. ಅದರಲ್ಲಿ ನಾನು ಕಲಿತದ್ದು ಯಾವ ಕೋರ್ಸಿನಲ್ಲೂ ಸಿಗಲಿಲ್ಲ.

ಮದುಮಗಳ ಹೆಸರು ಪಲ್ಲವಿ. ಹುಬ್ಬಳ್ಳಿಯಲ್ಲಿ ಓದಿ ಬಂದ ಕೂಸು. ಅವಳ ಅಪ್ಪನಿಗೆ ಮಗಳನ್ನು ಹಾಸ್ಟೆಲಿಗೆ ಕಳಿಸುವ ಮನಸ್ಸೇ ಇರಲಿಲ್ಲವಂತೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಅಡ್ಡ ನಿಂತು, "ಕೂಸಿನ ಜವಾಬ್ದಾರಿ ಎನ್ನದು. ತಪ್ಪಿ ನಡೆದ್ರೆ ಎನ್ನ ಕೇಳು" ಎಂದು ಕಳಿಸಿಕೊಟ್ಟವರು. ಇದು ಆ ಮನೆಯ ಮಕ್ಕಳಿಗೂ ಗೊತ್ತಿದ್ದ ಕಥೆ. ನಾನು ಪೆಟ್ಟಿಗೆ ಇಳಿಸುವಷ್ಟರಲ್ಲಿ ಎರಡು ಬಾಯಿಂದ ಕೇಳಿ ಆಗಿತ್ತು.

ಮದುವೆಗೆ ಮೂರು ದಿನ ಇತ್ತು. ನಾನು ಯಾವಾಗಲೂ ಹಾಗೇ ಹೋಗುವವಳು, ಚುಕ್ಕಿಗೆ ಪುರುಸೊತ್ತಿರಲಿ ಎಂದು. ಆದರೆ ನನಗಿಂತ ಮೊದಲು ಬೆಳಗಾವಿಯ ಚಿಕ್ಕಿ ಬಂದಿಳಿದಿದ್ದರು. ಪಲ್ಲವಿಯ ಚಿಕ್ಕಪ್ಪನ ಹೆಂಡತಿ. ಮನೆಯಲ್ಲಿ ಯಾರಿಗೇನು ಬೇಕೆಂದು ಆ ಯಾರಿಗಿಂತಲೂ ಮೊದಲು ಇವರಿಗೆ ಗೊತ್ತಿರುತ್ತಿತ್ತು. ಚೀಲದಿಂದ ಒಂದು ಕಟ್ಟು ಕೋನ್ ತೆಗೆದು ನನ್ನ ಮುಂದೆ ಹಿಡಿದರು.

"ಯಮುನಕ್ಕಾ, ನಿನ್ನ ಸೊಪ್ಪು ಗಿಪ್ಪು ಈ ಸಲ ಬ್ಯಾಡ. ಇದು ಕಪ್ಪು ಟ್ಯಾಟೂ ಕೋನು. ಮುಂಗೈಗೆ ಬಳ್ಳಿ, ತೋಳಿಗೆ ವಂಕಿ. ಫೋಟೋದಲ್ಲಿ ಎದ್ದು ಕಾಣ್ತು."

ಒಂದು ಕೋನಿನ ತುದಿ ಕತ್ತರಿಸಿ ಮೂಸಿದೆ. ಸೊಪ್ಪಿನ ವಾಸನೆಯ ಸುಳಿವಿಲ್ಲ. ರತ್ನಕ್ಕನ ಪಾರ್ಲರಿನ ಹಿಂದಿನ ಕೋಣೆಯೇ ಮೂಗಿಗೆ ಬಡಿಯಿತು. ಮೇಲಿನ ಚೀಟಿಯಲ್ಲಿ 'ನ್ಯಾಚುರಲ್' ಎಂದು ದಪ್ಪಕ್ಷರ, ಒಳಗೇನಿದೆ ಎಂಬುದಕ್ಕೆ ಸಣ್ಣಕ್ಷರವೂ ಇಲ್ಲ.

"ಇದರಲ್ಲಿ ಕೂದಲ ಡೈ ಇದ್ದ ಹಾಗಿದೆ. ನಾ ಹಚ್ಚೂದಿಲ್ಲ" ಎಂದೆ.

"ನಾನು ತಲೆಗೆ ಡೈ ಹಚ್ಚೂದಿಲ್ಯಾ? ಎಂತ ಆಜು ಎಂಗೆ?" ಎಂದರು ಚಿಕ್ಕಿ, ತಲೆ ತುರಿಸಿಕೊಳ್ಳುತ್ತ. ಅವರು ವರ್ಷಗಳಿಂದ ತಲೆ ತುರಿಸಿಕೊಳ್ಳುತ್ತಿದ್ದರು. ಹೊಟ್ಟು ಎಂದು ತಿಳಿದಿದ್ದರು.

"ಹಾಂಗಿದ್ರೆ ಚುಕ್ಕಿ ಇಟ್ಟು ನೋಡುವ" ಎಂದೆ. ಪಲ್ಲವಿ ಕೈ ಮುಂದೆ ಮಾಡುವಷ್ಟರಲ್ಲಿ ಅವಳ ಆಯಿ, ಪಾಪದ ಹೆಂಗಸು, ತನ್ನ ತೋಳು ಚಾಚಿದಳು.

"ಮದುಮಗಳ ಕೈಗೆ ಎಂತಕ್ಕೆ ಕಲೆ? ಎಂಗೆ ಇಡು. ಹೆತ್ತ ಅಬ್ಬೆ ಆನು. ರಕ್ತ ಒಂದೇ ಅಲ್ದಾ?"

ಇಡೀ ಮನೆಗೆ ಈ ತರ್ಕ ಎಷ್ಟು ಒಪ್ಪಿತೆಂದರೆ, ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಿ ಆಯಿಯ ಮೊಣಕೈಗೆ ಚುಕ್ಕಿ ಇಟ್ಟು ಮುಗಿಸಿದ್ದರು. ಆಯಿ ಜನ್ಮದಲ್ಲಿ ಡೈ ಮುಟ್ಟಿದವಳಲ್ಲ. ಅವಳಿಗೆ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಮಗಳ ವಿಚಾರ ಏನು? ನನ್ನ ರೂಢಿಯ ಪ್ರಶ್ನೆ ಕೇಳಿದೆ.

"ಪಲ್ಲವಿ, ಯಾವಾಗಾದ್ರೂ ಕೂದ್ಲಿಗೆ ಬಣ್ಣ ಹಚ್ಚಿದ್ಯಾ?"

ಸುತ್ತ ಆಯಿ, ಚಿಕ್ಕಿ, ಬಾಗಿಲ ಬಳಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ. "ಇಲ್ಲೆ" ಎಂದಳು ಕೂಸು. ಆದರೆ ಹೇಳಿದ್ದು ನನಗಲ್ಲ, ಅಜ್ಜಿಯ ಕಡೆ ನೋಡಿ ಹೇಳಿದ್ದು.

ಹೊಸದಾಗಿ ಈ ಕಸುಬಿಗೆ ಬರುವವರೇ, ಇದೊಂದನ್ನು ತಿಳಿದುಕೊಳ್ಳಿ. ಮದುವೆಮನೆಯ ನಡುಮನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಮರ್ಯಾದೆ ಬರುತ್ತದೆ. ಬಳೆಯ ಅಳತೆ ನೋಡಬೇಕು ಬಾ ಎಂದು ನಾನು ಪಲ್ಲವಿಯನ್ನು ಹಿತ್ತಿಲ ಮದರಂಗಿ ಗಿಡದ ಹತ್ತಿರ ಕರೆದುಕೊಂಡು ಹೋದೆ. ಗಿಡಕ್ಕೂ ಬಳೆಗೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಅಳಲು ಶುರುಮಾಡಿದಳು.

"ಅಕ್ಕಾ, ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಒಂದು ಸಲ ಹಚ್ಚಿದ್ದೆ. ಕಪ್ಪಿಗೆ ನಡುನಡುವೆ ಕೆಂಪು ಎಳೆ. ಮರುದಿನ ತಲೆ ಎಲ್ಲ ಗುಳ್ಳೆ, ಮುಖ ಊದಿ ಕಣ್ಣೇ ಮುಚ್ಚಿ ಹೋಯ್ತು. ಡಾಕ್ಟರು ಇನ್ನು ಡೈ ಮುಟ್ಟಬೇಡ ಅಂದ್ರು. ಮನೇಲಿ ಜೇನು ಕಚ್ಚಿದ್ದು ಹೇಳಿ ಹೇಳ್ದಿ."

"ಈಗ ಹೇಳು ಮತ್ತೆ. ಮದುವೆ ನಿಲ್ಲಿಸೂದಿಲ್ಲ ಯಾರೂ."

"ಅಪ್ಪಯ್ಯಂಗೆ ಹೆದರಿಕೆ ಅಲ್ಲ ಅಕ್ಕಾ. ಅಜ್ಜಿ ಎನ್ನ ನಂಬಿ ಕಳಿಸಿದ್ದು. ಅಜ್ಜಿಗೆ ಆನು ಸುಳ್ಳು ಹೇಳಿದ್ದಿ. ಮದುವೆಯಾಗಿ ಹೋಗೂ ಹೊತ್ತಿಗೆ ಅದು ಅವಳಿಗೆ ಗೊತ್ತಾಗೂದು ಬ್ಯಾಡ."

ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ. ನಾಲ್ಕು ಎಳೆ ಕೆಂಪು ಕೂದಲಿಗೆ ಇಷ್ಟು ದೊಡ್ಡ ಸುಳ್ಳು ಬೇಕಾಗುವಂತೆ ಮನೆ ಕಟ್ಟುತ್ತೇವಲ್ಲ, ಅದರ ಮೇಲೆ. ಬೇರೆ ಮನೆಯಾಗಿದ್ದರೆ ಪೆಟ್ಟಿಗೆ ಮುಚ್ಚಿ ಬಸ್ಸು ಹತ್ತುತ್ತಿದ್ದೆ. ಇಲ್ಲಿ ನಾನು ಬಸ್ಸು ಹತ್ತಿದರೆ ಚಿಕ್ಕಿಯೇ ಕೋನ್ ಹಿಡಿದು ಕೂರುತ್ತಾರೆ. ಧಾರೆಯ ದಿನ ಈ ಕೂಸಿನ ಕೈ, ಮುಖ ಏನಾದೀತು? ಅಲ್ಲೇ ನಾಲ್ಕು ಮದರಂಗಿ ಎಲೆ ಕಿತ್ತು, ಕಲ್ಲಿನ ಮೇಲೆ ಜಜ್ಜಿ, ಅವಳದೇ ಮೊಣಕೈ ಒಳಗೆ ಚುಕ್ಕಿ ಇಟ್ಟೆ. "ಇದು ನಿಂಗೆ ಆಗ್ತದೆ ಅಂತಾದ್ರೆ, ಉಳಿದದ್ದು ನಂಗೆ ಬಿಡು" ಎಂದೆ.

ಮರುದಿನ ಬೆಳಿಗ್ಗೆ ಎರಡೂ ಚುಕ್ಕಿಗಳು ಸುಖವಾಗಿದ್ದವು. ಚಿಕ್ಕಿ ಆಯಿಯ ಕೈಯನ್ನು ಎತ್ತಿ ಎತ್ತಿ ನೆಂಟರಿಗೆಲ್ಲ ತೋರಿಸಿದರು, ತಾವೇ ಕಂಡುಹಿಡಿದ ಮದ್ದಿನಂತೆ. ಆ ಗದ್ದಲದಲ್ಲಿ ನಾನು ಹಿತ್ತಿಲಲ್ಲಿ ಕೂತು ಸೊಪ್ಪು ಅರೆಯುತ್ತಿದ್ದೆ. ತಲೆ ಎತ್ತಿದರೆ ಅಜ್ಜಿ ನಿಂತಿದ್ದಾರೆ! ನನ್ನ ಕೈ ಒಳಕಲ್ಲಿನಲ್ಲೇ ನಿಂತಿತು. ಅಜ್ಜಿ ಸೊಪ್ಪು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಮುಗಿಯಿತು ಕಥೆ ಎಂದುಕೊಂಡೆ. ತಿರುಗಿ ಬಂದಾಗ ಅವರ ಕೈಯಲ್ಲಿ ಒಂದು ಲೋಟ ಕಡುಚಹಾದ ನೀರಿತ್ತು.

"ಇದು ಹಾಕಿ ಅರೆ. ಬಣ್ಣ ಏರ್ತು" ಎಂದು ಇಟ್ಟು ಹೋದರು. ಒಂದೇ ಒಂದು ಪ್ರಶ್ನೆ ಇಲ್ಲ.

ಮುಂದಿನದು ನನ್ನ ಕಸುಬಿನ ಏಕೈಕ ಕಳ್ಳತನ, ಅದರ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಚಿಕ್ಕಿ ಕೊಟ್ಟ ಕೋನಿನ 'ನ್ಯಾಚುರಲ್' ಚೀಟಿ ಕಿತ್ತು ನನ್ನ ಸೊಪ್ಪಿನ ಕೋನಿಗೆ ಅಂಟಿಸಿದೆ. ಆ ಚೀಟಿ ಜನ್ಮದಲ್ಲಿ ಮೊದಲ ಸಲ ನಿಜ ಹೇಳಿತು. ಕರಿ ಹಿಟ್ಟನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಸಂಜೆ ಕೂತು ಪಲ್ಲವಿಯ ಎರಡೂ ಕೈಗೆ ಬಳ್ಳಿ ಬರೆದೆ, ತೋಳಿಗೆ ವಂಕಿ ಬರೆದೆ. ಚಿಕ್ಕಿ ಪಕ್ಕದಲ್ಲಿ ಕೂತು ಮೇಲ್ವಿಚಾರಣೆ ಮಾಡಿದರು.

ಮರುದಿನ ಉದುರಿಸಿದಾಗ ಕಿತ್ತಳೆ ಬಣ್ಣ. ಚಿಕ್ಕಿಯ ಮುಖ ಸಣ್ಣಗಾಯಿತು. "ಕಪ್ಪು ಎಲ್ಲಿ?"

"ಮದುಮಗಳ ಮೈಬಿಸಿ ಹತ್ತಬೇಕು. ನಾಳೆಗೆ ಏರ್ತದೆ" ಎಂದೆ ಗಂಭೀರವಾಗಿ. ಸೊಪ್ಪಿನ ಬಣ್ಣ ಹೇಗೂ ಏರುತ್ತದೆ, ಮದುಮಗಳದಿರಲಿ, ಮಾಸ್ತರದಿರಲಿ. ಆದರೆ ನಮ್ಮ ಊರಲ್ಲಿ ಉಷ್ಣ, ಥಂಡಿ, ನಂಜು ಈ ಮೂರರ ಹೆಸರು ಹೇಳಿ ಏನು ಹೇಳಿದರೂ ನಡೆಯುತ್ತದೆ. ಧಾರೆಯ ಹೊತ್ತಿಗೆ ಕೈ ಕಾಫಿ ಬೀಜದ ಬಣ್ಣಕ್ಕೆ ಬಂದಿತ್ತು, ಒಂದು ಗುಳ್ಳೆ ಇಲ್ಲ, ಒಂದು ತುರಿಕೆ ಇಲ್ಲ. ಧಾರೆಯ ನೀರು ಆ ಕೈಮೇಲೆ ಬಿದ್ದಾಗ ನಾನು ಕಂಬದ ಮರೆಯಲ್ಲಿ ಕಣ್ಣೊರೆಸಿಕೊಂಡೆ.

"ನೋಡಿದ್ಯಾ ಎನ್ನ ಕೋನು!" ಎಂದರು ಚಿಕ್ಕಿ ಊಟದ ಪಂಕ್ತಿಯಲ್ಲಿ, ನನಗೂ, ಬಡಿಸುವವರಿಗೂ, ಎದುರು ಕೂತ ಅಪರಿಚಿತರಿಗೂ. ನಾನು ಪಾಯಸದ ಕಡೆ ಗಮನ ಕೊಟ್ಟೆ.

ಅಲ್ಲಿಗೆ ಮುಗಿದಿದ್ದರೆ ನಾನು ಬಹಳ ಬುದ್ಧಿವಂತೆ ಎಂದು ಬರೆದು ಮುಗಿಸುತ್ತಿದ್ದೆ. ಮರುದಿನ ಯಲ್ಲಾಪುರದ ಹತ್ತಿರ ಗಂಡಿನ ಮನೆಯಲ್ಲಿ ವಧೂಪ್ರವೇಶ. ಸೀರೆ ಉಡಿಸಲು ನಾನೂ ಹೋದೆ. ದಿಬ್ಬಣದಲ್ಲಿ ಅಜ್ಜಿಯೂ ಬಂದಿದ್ದರು, ಚಿಕ್ಕಿಯಂತೂ ಮೊದಲ ಸೀಟಿನಲ್ಲಿ. ಪಲ್ಲವಿಗೆ ಸೀರೆ ಸರಿಮಾಡಿ ಜಗಲಿಗೆ ಕರೆತಂದರೆ, ಅಲ್ಲಿ ಎರಡೂ ಮನೆಯ ಮಕ್ಕಳು ಸಾಲಾಗಿ ಕೂತಿದ್ದಾರೆ, ತೋಳು ಮೇಲೆತ್ತಿಕೊಂಡು. ಎದುರಿಗೆ ಮಣೆಯ ಮೇಲೆ ಚಿಕ್ಕಿ, ಕೈಯಲ್ಲಿ ಉಳಿದ ಕೋನುಗಳ ಕಟ್ಟು. ಮೊದಲ ಮಗುವಿನ ತೋಳಿನ ಮೇಲೆ ಕರಿ ಚಿಟ್ಟೆಯ ಒಂದು ರೆಕ್ಕೆ ಆಗಲೇ ಆಗಿತ್ತು.

"ಮಕ್ಕಳಿಗೆ ಬೇಡ್ರೇ ಅದು" ಎಂದೆ.

"ಎಂತಕ್ಕೆ ಬ್ಯಾಡ? ಮದುಮಗಳ ಕೈಮೇಲೇ ಪರೀಕ್ಷೆ ಆಜಲ್ಲ!" ಚಿಕ್ಕಿ ಪಲ್ಲವಿಯ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದರು. "ಇದಕ್ಕಿಂತ ಸಾಕ್ಷಿ ಬೇಕಾ?"

ನನ್ನ ಹತ್ತಿರ ಉತ್ತರವಿತ್ತು. ಹೇಳಿದರೆ ಅದರ ಹಿಂದೆಯೇ 'ಹಾಗಾದರೆ ಯಾಕೆ ಬದಲಿಸಿದೆ' ಎಂಬ ಪ್ರಶ್ನೆ ಬರುತ್ತಿತ್ತು, ಅದರ ಉತ್ತರ ನನ್ನದಲ್ಲ. ಪಲ್ಲವಿ ನನ್ನನ್ನು ನೋಡಿದಳು, ಮಕ್ಕಳ ಸಾಲನ್ನು ನೋಡಿದಳು. ಹೊಸ ಮನೆಯ ಜಗಲಿ. ಗಂಡ, ಅತ್ತೆ, ಮಾವ, ಅಪ್ಪಯ್ಯ, ಎಲ್ಲರಿಗಿಂತ ಈಚೆ ಕುರ್ಚಿಯಲ್ಲಿ ಅಜ್ಜಿ. ಚಿಕ್ಕಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಚಿಕ್ಕೀ, ಎನ್ನ ಕೈಮೇಲಿದ್ದದ್ದು ಸೊಪ್ಪಿಂದು. ನಿನ್ನ ಕೋನು ಅಲ್ಲ" ಎಂದಳು. "ಎಂಗೆ ಡೈ ಆಗ್ತಿಲ್ಲೆ. ಹಾಸ್ಟೆಲಿನಲ್ಲಿ ಮುಖ ಊದಿದ್ದು ಜೇನು ಕಚ್ಚಿ ಅಲ್ಲ, ಕೂದ್ಲಿಗೆ ಬಣ್ಣ ಹಚ್ಚಿ. ಅಜ್ಜೀ, ಆನು ನಿಂಗೆ ಸುಳ್ಳು ಹೇಳಿದ್ದಿ. ಆ ಮಕ್ಕಳಿಗೆ ಹಚ್ಚುಲೆ ಬ್ಯಾಡ."

ಅಪ್ಪಯ್ಯ ತಾಯಿಯ ಕಡೆ ತಿರುಗಿದರು. ಅಜ್ಜಿ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು, ಅಷ್ಟೇ.

"ಜೇನು ಕಚ್ಚಿದ ತಲೆಯಲ್ಲಿ ಕೆಂಪು ಕೂದ್ಲು ಹುಟ್ತಾ ಕೂಸೇ?" ಎಂದರು. "ಅವತ್ತು ಮನೆಗೆ ಬಂದವಳ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದು ಯಾರು? ಆನೇ ಅಲ್ದಾ? ಕಣ್ಣು ಮಂಜು, ಕುರುಡಲ್ಲ. ನಿನ್ನಪ್ಪ ಕೇಳಿದ್ದಕ್ಕೆ ಹೌದು ಜೇನೇ ಹೇಳಿ ಹೇಳಿದವಳೂ ಆನೇ. ಇಲ್ದಿದ್ರೆ ಕಾಲೇಜು ಬಿಡಿಸ್ತಿದ್ದ."

ಪಲ್ಲವಿ ಅಲ್ಲೇ ಕುಕ್ಕರಿಸಿ ಅಜ್ಜಿಯ ಮಡಿಲಿಗೆ ಮುಖ ಹಾಕಿ ಅತ್ತಳು. ನಾನು ಹೊಡೆದ ಪಿನ್ನುಗಳೆಲ್ಲ ಕಿತ್ತುಬಂದವು. ಮೊದಲ ಸಲ ನನಗೆ ಅದರಿಂದ ಬೇಸರವಾಗಲಿಲ್ಲ. ಇಷ್ಟು ಕಾಲ ಒಬ್ಬರಿಗೊಬ್ಬರು ಗೊತ್ತಾಗಬಾರದೆಂದು ಇಬ್ಬರೂ ಒಂದೇ ಸುಳ್ಳನ್ನು ಎರಡು ತುದಿಯಿಂದ ಹೊತ್ತುಕೊಂಡು ತಿರುಗಿದ್ದರು.

ಮೊದಲು ಎದ್ದವರು ಪಲ್ಲವಿಯ ಅತ್ತೆ. ಏನಾದರೂ ಅನ್ನುತ್ತಾರೆ ಎಂದು ಎಲ್ಲರೂ ಕಾದರು. ಅವರು ಚಿಟ್ಟೆಯ ಮಗುವನ್ನು ಎತ್ತಿಕೊಂಡು, "ಸಾಬೂನು ಎಲ್ಲಿದ್ದು?" ಎಂದು ಬಚ್ಚಲಿಗೆ ನಡೆದರು. ಹಸಿಯಾಗಿದ್ದದ್ದು ಒಂದೇ ಸಲ ಉಜ್ಜಿದ್ದಕ್ಕೆ ಹೋಯಿತು. ಮದರಂಗಿಯ ಕಪ್ಪಿಗೂ ಅತ್ತೆಯ ಪ್ರೀತಿಗೂ ಸಂಬಂಧ ಎಂದು ನಂಬಿದವರು ಆ ಬಚ್ಚಲಿನ ಬಾಗಿಲಲ್ಲಿ ನಿಂತು ನೋಡಬೇಕಿತ್ತು.

ಚಿಕ್ಕಿ ಮಣೆಯಿಂದ ಎದ್ದಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ರೇಷ್ಮೆ ಕುಪ್ಪಸದ ಉದ್ದ ತೋಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದರು.

"ಎಂತಾಯ್ತು?"

"ನಿನ್ನೆ ಬೆಳಿಗ್ಗೆ ಕೂಸಿನ ಕೈ ನೋಡಿ ಧೈರ್ಯ ಬಂತು. ಆನೂ ಒಂದು ನವಿಲು ಬರ್ಕಂಡಿ" ಎಂದರು ತಗ್ಗಿದ ದನಿಯಲ್ಲಿ. "ರಾತ್ರಿಯಿಂದ ಸೊಳ್ಳೆ ಕಚ್ಚಿದಾಂಗೆ ಆಗ್ತಾ ಇದ್ದು."

ತೋಳು ಸರಿಸಿದೆ. ನವಿಲು ಗರಿಬಿಚ್ಚಿ ಕೆಂಪಗೆ ಊದಿ ಕೂತಿತ್ತು. ರತ್ನಕ್ಕನಾಗಿದ್ದರೆ ಬದನೆಕಾಯಿ ಕೇಳುತ್ತಿದ್ದರು. ನನ್ನ ನಾಲಿಗೆಯ ತುದಿಗೂ ಬಂದಿತ್ತು, ನುಂಗಿಕೊಂಡೆ. ನೋವು ತಿನ್ನುವವರ ಎದುರು ನನ್ನ ವ್ಯಂಗ್ಯಕ್ಕೂ ರೇಂಜ್ ಹೋಗುತ್ತದೆ. ತಣ್ಣೀರಿನಲ್ಲಿ ತೊಳೆದು, ಮದುಮಗನಿಗೆ ಹೇಳಿ ಕಾರಿನಲ್ಲಿ ಡಾಕ್ಟರ ಹತ್ತಿರ ಕಳಿಸಿದೆವು. ಹೋಗುವಾಗ ಚಿಕ್ಕಿ ಕೋನಿನ ಕಟ್ಟನ್ನು ನನ್ನ ಕೈಗೆ ಕೊಟ್ಟು, "ಇದನ್ನೂ ಕಸಕ್ಕೆ ಹಾಕಿಬಿಡು" ಎಂದರು. ಹಾಕಿದೆ, ಚೀಟಿ ಸಮೇತ.

ಊಟವಾದ ಮೇಲೆ ನಾನು ಒಳಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆ. ಅಜ್ಜಿ ಬಂದು ಬಾಗಿಲು ಮುಂದೆ ಮಾಡಿದರು.

"ಯಮುನಾ, ನಿನ್ನ ಸೊಪ್ಪಿನ ಕೋನು ಉಳಿದಿದ್ದಾ?"

"ಒಂದಿದೆ ಅಮ್ಮಾ. ಯಾರಿಗೆ?"

ಅಜ್ಜಿ ನನ್ನ ಎದುರು ಕೂತು ಸೆರಗು ಸರಿಸಿ, ತೋಳು ಮುಂದೆ ಮಾಡಿದರು. ಬಳೆಯಿಲ್ಲದ ಕೈ. ಗಂಡ ಹೋದ ದಿನದಿಂದ ಆ ಕೈ ಮದರಂಗಿ ಕಂಡಿರಲಿಲ್ಲ. ಅಂಥವರಿಗೆ ಅದು ಸಲ್ಲದು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೋನ್ ಹಿಡಿದವಳು ಅವರನ್ನು ದಾಟಿ ಮುಂದಿನವರ ಹತ್ತಿರ ಹೋಗುತ್ತಾಳೆ. ನಾನೂ ಎಷ್ಟೋ ಮನೆಗಳಲ್ಲಿ ಹಾಗೆ ದಾಟಿ ಹೋದವಳೇ.

"ಶೃಂಗಾರಕ್ಕಲ್ಲ ಮತ್ತೆ" ಎಂದರು ಅಜ್ಜಿ. "ಪರೀಕ್ಷೆಗೆ. ಎಂಗೆ ಆಗ್ತಾ ಇಲ್ಯಾ ಹೇಳಿ ನೋಡೂಲೆ ಒಂದು ಚುಕ್ಕಿ. ಪರೀಕ್ಷೆ ಮಾಡೂದು ಬ್ಯಾಡ ಹೇಳಿ ಯಾವ ಶಾಸ್ತ್ರದಲ್ಲೂ ಇಲ್ಲೆ."

ನಾನು ಕೋನ್ ತೆಗೆದೆ. ಮೊಣಕೈ ಒಳಮಡಿಕೆಯಲ್ಲಿ ಒಂದು ಚುಕ್ಕಿ ಇಟ್ಟೆ. ಅಜ್ಜಿ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಒಂದರಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲೆ. ಸುತ್ತ ನಾಲ್ಕು ಇಡು."

ಸುತ್ತ ಇಟ್ಟೆ. ಹೂವಾಯಿತು.

"ನಾಳೆ ಬೆಳಿಗ್ಗೆ ನೋಡಿ ಅಮ್ಮಾ, ಆಗ್ತದೋ ಇಲ್ವೋ ಗೊತ್ತಾಗ್ತದೆ" ಎಂದೆ.

"ನಾಳೆ ಎಂತಕ್ಕೆ?" ಎಂದರು ಅಜ್ಜಿ, ಕೈಯಿಂದ ಕಣ್ಣು ತೆಗೆಯದೆ. "ಈಗಲೇ ಕಾಣ್ತಾ ಇದ್ದಲ್ಲ."